ಮಾದರಿ ರೈಲಿನ ಕುಸುರಿ: ಮರಗೆಲಸದ ಸಣ್ಣ ಘಟಕಗಳಿಗೊಂದು ಹೊಸ ಬಾಗಿಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ, ಈ ನಾಲ್ಕು ಪಟ್ಟಣಗಳ ಪೈಕಿ ರೈಲು ನಿಲ್ಲುವುದು ಕೃಷ್ಣರಾಜನಗರದಲ್ಲಿ ಮಾತ್ರ. ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಕುಶಾಲನಗರಕ್ಕೆ ಹೋಗಬೇಕಾದ ಸುಮಾರು 87 ಕಿ.ಮೀ. ಉದ್ದದ ಹೊಸ ಮಾರ್ಗದ ಪ್ರಸ್ತಾವವನ್ನು ನಮ್ಮ ವರ್ತಕ ಬಾಂಧವರು ಎಷ್ಟೋ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಪ್ರಪಂಚದಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲಿನ ಪ್ರಮಾಣ 1:87. ಆ ಪ್ರಮಾಣದಲ್ಲಿ ಈ ಇಡೀ ಮಾರ್ಗವನ್ನು ಹಾಸಲು ಕೇವಲ ಒಂದು ಕಿಲೋಮೀಟರ್ ಕಂಬಿ ಸಾಕು. ಇದು ತಮಾಷೆಯ ಲೆಕ್ಕವೇ ಸರಿ. ಆದರೆ ಈ ತಮಾಷೆಯ ಹಿಂದೆ ಜರ್ಮನಿ, ಇಂಗ್ಲೆಂಡ್, ಅಮೆರಿಕ, ಜಪಾನ್‌ಗಳಲ್ಲಿ ನೂರಾರು ತಯಾರಕರ ಹೊಟ್ಟೆ ಹೊರೆಯುತ್ತಿರುವ ಒಂದು ಗಂಭೀರ ವ್ಯಾಪಾರವಿದೆ. ಆ ವ್ಯಾಪಾರದ ಒಂದು ಸಣ್ಣ ಪಾಲು ನಮ್ಮ ಮರಗೆಲಸದ ಘಟಕಗಳಿಗೆ ದೊರೆಯಬಹುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾದರಿ ರೈಲು ಎಂದೊಡನೆ ಜಾತ್ರೆಯ ಅಂಗಡಿಯಲ್ಲಿ ಕೀಲಿ ಕೊಟ್ಟರೆ ಸುತ್ತುವ ತಗಡಿನ ರೈಲು ಕಣ್ಣ ಮುಂದೆ ಬರುವುದು ಸಹಜ. ಇಲ್ಲಿ ಹೇಳಹೊರಟಿರುವುದು ಅದಲ್ಲ. ನಿಜವಾದ ಎಂಜಿನ್, ಬೋಗಿ, ನಿಲ್ದಾಣ, ಸೇತುವೆ, ಸಿಗ್ನಲ್ ಕಂಬ, ಮರ, ಮನೆ, ಮನುಷ್ಯ ಎಲ್ಲವನ್ನೂ ಒಂದೇ ನಿಶ್ಚಿತ ಪ್ರಮಾಣದಲ್ಲಿ ಕುಗ್ಗಿಸಿ, ಒಂದು ಊರಿನ ಒಂದು ಕಾಲದ ದೃಶ್ಯವನ್ನು ಹಲಗೆಯ ಮೇಲೆ ಕಟ್ಟಿ, ಅದರಲ್ಲಿ ವಿದ್ಯುತ್ತಿನಿಂದ ರೈಲನ್ನು ಓಡಿಸುವುದು ಈ ಹವ್ಯಾಸ. ಹಾಗೆ ಕಟ್ಟಿದ ದೃಶ್ಯಕ್ಕೆ ಹವ್ಯಾಸಿಗಳು ಲೇಔಟ್ ಎನ್ನುತ್ತಾರೆ. ನಮ್ಮಲ್ಲಿ ಲೇಔಟ್ ಎಂದರೆ ನಿವೇಶನ ಕೊಳ್ಳಲು ಕರೆಯುತ್ತಿದ್ದಾರೆಂದೇ ಅರ್ಥವಾದ್ದರಿಂದ ಈ ಲೇಖನದಲ್ಲಿ ಅದನ್ನು ರೈಲು ದೃಶ್ಯ ಎಂದೇ ಕರೆಯೋಣ.

ಜರ್ಮನಿಯ ಗೊಪ್ಪಿಂಗೆನ್ ನಗರದಲ್ಲಿ 1859ರಲ್ಲಿ ಆರಂಭವಾದ ಮಾರ್ಕ್ಲಿನ್ ಸಂಸ್ಥೆ ಈ ಕ್ಷೇತ್ರದ ಹಿರಿಯ ಹೆಸರು. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಎಂಬ ಬೃಹತ್ ರೈಲು ದೃಶ್ಯಕ್ಕೆ ಸಾಮಾನ್ಯ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಪ್ರೇಕ್ಷಕರು ಟಿಕೆಟ್ ಕೊಂಡು ಬರುತ್ತಾರೆ. ಇದೇ ಕ್ಷೇತ್ರದಲ್ಲಿ ಏಳುಬೀಳುಗಳೂ ಇವೆ. ಮಾರ್ಕ್ಲಿನ್ ಸಂಸ್ಥೆಯೇ 2009ರಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿ, 2013ರಲ್ಲಿ ಹೊಸ ಮಾಲೀಕರ ಕೈ ಸೇರಿತು. ಆದ್ದರಿಂದ ಇದು ಕಣ್ಣು ಮುಚ್ಚಿ ಬಂಡವಾಳ ಹೂಡುವ ಉದ್ಯಮವೆಂದು ಯಾರೂ ಭಾವಿಸಬೇಕಾಗಿಲ್ಲ. ದೊಡ್ಡ ಕಾರ್ಖಾನೆ ಎಡವಿದ ಜಾಗದಲ್ಲಿ ಸಣ್ಣ ಘಟಕ ಸುಲಭವಾಗಿ ನಡೆದುಹೋಗುವ ವಿಚಿತ್ರವೂ ಈ ವ್ಯಾಪಾರದಲ್ಲುಂಟು. ಕಾರಣವನ್ನು ಮುಂದೆ ನೋಡೋಣ.

ಮೈಸೂರಿಗೆ ಹೊಂದುವ ಅಳತೆ

ಪ್ರಮಾಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಈ ವ್ಯಾಪಾರದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. 1:87 ಪ್ರಮಾಣಕ್ಕೆ ಎಚ್‌ಒ ಎಂಬ ಹೆಸರಿದೆ. ಇದರಲ್ಲಿ ನಿಜವಾದ ಒಂದು ಅಡಿ ಮೂರೂವರೆ ಮಿಲಿಮೀಟರ್ ಆಗುತ್ತದೆ. ಐದೂವರೆ ಅಡಿಯ ಮನುಷ್ಯ 19 ಮಿ.ಮೀ. ಎತ್ತರಕ್ಕೆ ಇಳಿಯುತ್ತಾನೆ. ಈ ಪ್ರಮಾಣದ ಸಾಮಾನ್ಯ ಕಂಬಿಯ ಒಳ ಅಗಲ 16.5 ಮಿ.ಮೀ. ಇದು ಯೂರೋಪು, ಅಮೆರಿಕಗಳ 1,435 ಮಿ.ಮೀ. ಅಗಲದ ಮಾರ್ಗಕ್ಕೆ ಸರಿಹೊಂದುವಂತೆ ಗೊತ್ತುಮಾಡಿದ್ದು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಎಂದರೆ ಮಾರುಕಟ್ಟೆಯಲ್ಲಿ ಸಿಗುವ ಕಂಬಿಯ ಮೇಲೆ ಭಾರತದ ಬ್ರಾಡ್ ಗೇಜ್ ಎಂಜಿನ್ನನ್ನು ನಿಲ್ಲಿಸಿದರೆ ಸುಮಾರು ಮೂರು ಮಿಲಿಮೀಟರ್ ಕೊರತೆ ಬೀಳುತ್ತದೆ. ಎದುರಿನಿಂದ ನೋಡಿದಾಗ ದಪ್ಪ ಮೈಯ ಆನೆ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಭಾರತದ ಹವ್ಯಾಸಿಗಳು ವಿಧಿಯಿಲ್ಲದೆ ಇದನ್ನು ಒಪ್ಪಿಕೊಂಡಿದ್ದಾರೆ.

ಮೀಟರ್ ಗೇಜ್‌ನ ಕಥೆ ಬೇರೆ. 1,000 ಮಿ.ಮೀ.ಗಳನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಸ್ವಿಟ್ಜರ್ಲೆಂಡಿನ ಬೆಟ್ಟಗಳ ಮೀಟರ್ ಗೇಜ್ ರೈಲುಗಳ ಮಾದರಿಗಳಿಗಾಗಿ ಬೇಮೊ ಮೊದಲಾದ ಯೂರೋಪಿನ ತಯಾರಕರು 12 ಮಿ.ಮೀ. ಅಗಲದ ಕಂಬಿಯನ್ನು ಬಹಳ ಕಾಲದಿಂದ ಮಾರುತ್ತಿದ್ದಾರೆ. ವ್ಯತ್ಯಾಸ ಅರ್ಧ ಮಿಲಿಮೀಟರ್. ಅಂದರೆ 1990ರ ದಶಕದಲ್ಲಿ ಗೇಜ್ ಪರಿವರ್ತನೆಯಾಗುವವರೆಗೂ ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಓಡುತ್ತಿದ್ದ ನಮ್ಮ ಮೀಟರ್ ಗೇಜ್ ರೈಲನ್ನು, ಇಂದಿನ ಬ್ರಾಡ್ ಗೇಜ್ ರೈಲಿಗಿಂತ ಹೆಚ್ಚು ಪ್ರಾಮಾಣಿಕವಾಗಿ ಮಾದರಿಯಲ್ಲಿ ತೋರಿಸಬಹುದು. ಸಿದ್ಧ ಕಂಬಿ ಇದೆ, ಅದರ ಮೇಲೆ ಓಡುವ ಸಿದ್ಧ ಮೋಟಾರು-ಚಕ್ರಗಳಿವೆ, ಹಳೆಯದನ್ನು ನೆನೆಯುವ ಗ್ರಾಹಕರಿದ್ದಾರೆ. ಹಳೆಯ ಮೈಸೂರು ಸೀಮೆಯ ತಯಾರಕನಿಗೆ ಇದಕ್ಕಿಂತ ಅನುಕೂಲವಾದ ಆರಂಭ ಬೇರೆ ಕಾಣದು.

ಅಳತೆ ತೆಗೆದುಕೊಳ್ಳಲು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮೀಟರ್ ಗೇಜ್ ಎಂಜಿನ್ನುಗಳು ಬಯಲಿನಲ್ಲೇ ನಿಂತಿವೆ. 1899ರ ಮಹಾರಾಣಿ ಸಲೂನ್ ಬಂಡಿಯೂ ಅಲ್ಲಿದೆ. ಮಕ್ಕಳಿಗೆ ಅದು ವಿಹಾರದ ಸ್ಥಳ. ಮಾದರಿ ತಯಾರಕನಿಗೆ ಅದು ಪ್ರಮಾಣ ಗ್ರಂಥ. ಒಂದು ಟೇಪು, ಒಂದು ಕ್ಯಾಮರಾ, ಒಂದು ನೋಟ್ ಪುಸ್ತಕದೊಡನೆ ಎರಡು ದಿನ ಕಳೆದರೆ ಯಾವ ಮುದ್ರಿತ ನಕ್ಷೆಯಲ್ಲಿಯೂ ದೊರೆಯದ ವಿವರಗಳು ದೊರೆಯುತ್ತವೆ. ಮೆಟ್ಟಿಲಿನ ಅಂತರವೆಷ್ಟು, ಬಾಗಿಲ ಹಿಡಿ ಯಾವ ಎತ್ತರದಲ್ಲಿದೆ, ರಿವೆಟ್ಟುಗಳ ಸಾಲು ಎಲ್ಲಿ ಮುರಿದಿದೆ ಎಂಬಂಥವು ಇವು. ಚಾಲ್ತಿಯಲ್ಲಿರುವ ನಿಲ್ದಾಣಗಳಲ್ಲಿ ಅಳತೆ ಮತ್ತು ಚಿತ್ರ ತೆಗೆಯುವ ಮುನ್ನ ಸ್ಟೇಷನ್ ಮಾಸ್ತರರ ಅನುಮತಿ ಪಡೆಯುವುದು ಕ್ಷೇಮ.

ಎಂಜಿನ್ ಅಲ್ಲ, ಎಂಜಿನ್ನಿನ ಸುತ್ತಲಿನದು

ಈ ಹವ್ಯಾಸಕ್ಕೆ ಹೊಸದಾಗಿ ಬರುವ ತಯಾರಕರು ಮೊದಲು ಎಂಜಿನ್ ಮಾಡಲು ಹೊರಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಘಟಕ ಮಾಡಬಾರದ ಮೊದಲ ಕೆಲಸ ಅದೇ. ಪ್ಲಾಸ್ಟಿಕ್ ಎರಕಕ್ಕೆ ಬೇಕಾಗುವ ಉಕ್ಕಿನ ಅಚ್ಚಿಗೆ ಲಕ್ಷಾಂತರ ರೂಪಾಯಿ ಬೇಕು. ಮೋಟಾರು, ಗಿಯರು, ಚಕ್ರಗಳು ಹೊರಗಿನಿಂದ ಬರಬೇಕು. ಒಂದು ಮಾದರಿ ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಗದಿದ್ದರೆ ಅಚ್ಚಿನ ಖರ್ಚೂ ಹುಟ್ಟದು. ದೊಡ್ಡ ಕಂಪನಿಗಳು ಎಡವುವುದು ಇಲ್ಲೇ.

ಆದರೆ ಎಂಜಿನ್ ಕೊಂಡ ಹವ್ಯಾಸಿಯ ಖರ್ಚು ಆಮೇಲೆಯೇ ಆರಂಭವಾಗುತ್ತದೆ. ಎಂಜಿನ್ ಒಂದು, ಅದು ನಿಲ್ಲಲು ನಿಲ್ದಾಣ ಬೇಕು, ನಿಲ್ದಾಣಕ್ಕೆ ಹೆಂಚು ಬೇಕು, ಬೇಲಿ ಬೇಕು, ನೀರಿನ ತೊಟ್ಟಿ ಬೇಕು, ಗೇಟು ಬೇಕು, ಗೇಟಿನ ಬಳಿ ಕಾಯುವ ಎತ್ತಿನ ಗಾಡಿ ಬೇಕು, ರಸ್ತೆಯ ಎರಡೂ ಬದಿಗೆ ಮರಗಳು ಬೇಕು. ಈ ಕುಸುರಿ ಸಾಮಾನುಗಳನ್ನು ಆತ ವರ್ಷಗಟ್ಟಲೆ ಕೊಳ್ಳುತ್ತಲೇ ಇರುತ್ತಾನೆ. ಅವಕ್ಕೆ ದುಬಾರಿ ಅಚ್ಚು ಬೇಡ, ನೂರು ಇನ್ನೂರು ಸಂಖ್ಯೆಯಲ್ಲಿ ಮಾಡಿದರೂ ನಷ್ಟವಿಲ್ಲ. ಸಣ್ಣ ಘಟಕ ಬದುಕುವುದು ಈ ಜಾಗದಲ್ಲಿ.

ಎಂಜಿನ್ನಿನ ಮೇಲೂ ಕುಸುರಿಗೆ ಅವಕಾಶವುಂಟು. 1949ರಿಂದ 1970ರವರೆಗೆ ತಯಾರಾದ 871 ವೈಪಿ ವರ್ಗದ ಮೀಟರ್ ಗೇಜ್ ಉಗಿ ಎಂಜಿನ್ನುಗಳನ್ನು ನೆನಪಿಸಿಕೊಳ್ಳಿ. ಕಡೆಯವು ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಿಂದ ಬಂದವು. ಅದರ ದೊಡ್ಡ ಚಕ್ರದ ವ್ಯಾಸ 1,372 ಮಿ.ಮೀ. ಮಾದರಿಯಲ್ಲಿ 15.8 ಮಿ.ಮೀ. ಅಂಗಡಿಯಿಂದ ಬಂದ ಮಾದರಿ ಎಂಜಿನ್ ಹೊಸ ಪಾತ್ರೆಯಂತೆ ಮಿರುಗುತ್ತದೆ. ಅದು ನಿಜವಾಗಿ ದುಡಿದ ಎಂಜಿನ್ನಿನಂತೆ ಕಾಣಬೇಕಾದರೆ 0.4 ಮಿ.ಮೀ. ಹಿತ್ತಾಳೆ ತಂತಿಯ ಕೈಹಿಡಿಗಳು, ಕನ್ನಡ ಹಾಗೂ ಇತರ ಭಾಷೆಗಳ ಸಂಖ್ಯಾಫಲಕ, ಟೆಂಡರಿನಲ್ಲಿ ಕುಟ್ಟಿ ಜರಡಿ ಹಿಡಿದ ನಿಜವಾದ ಕಲ್ಲಿದ್ದಲು ಬೇಕು. ಬಾಯ್ಲರಿನ ತೊಳೆಯುವ ಬಿರಡೆಗಳ ಕೆಳಗೆ ಗಡಸು ನೀರು ಒಸರಿ ಒಣಗಿದ ಬಿಳಿಯ ಸುಣ್ಣದ ಗೆರೆ ಬೇಕು. ಚಕ್ರದ ಕಡ್ಡಿಗಳ ಮೇಲೆ ಎಣ್ಣೆ ಕೂಡಿದ ಧೂಳು, ಹೊಗೆಗೂಡಿನ ಮೇಲೆ ಬೂದು ಬಣ್ಣದ ಮಾಸಲು, ಇವನ್ನು ಒಣ ಕುಂಚ ಮತ್ತು ಸೀಮೆಸುಣ್ಣದ ಪುಡಿಯಿಂದ ತರುತ್ತಾರೆ. ಹೀಗೆ ಹಳತು ಮಾಡಿದ ಎಂಜಿನ್ ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುವುದುಂಟು. ಹೊಸ ಸರಕನ್ನು ಹಳೆಯದೆಂದು ಮಾರಿ ಹೊಗಳಿಸಿಕೊಳ್ಳುವ ವ್ಯಾಪಾರ ಬೇರೆಲ್ಲಿಯಾದರೂ ಇದೆಯೇ?

ಬೈಲಕುಪ್ಪೆಯ ಟಿಬೆಟನ್ ಶಿಬಿರಗಳು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ 1960ರ ದಶಕದ ಆರಂಭದಿಂದ ನೆಲೆಗೊಂಡಿವೆ. ತಂಕಾ ಚಿತ್ರಕಲೆಯಲ್ಲಿ ಕೂದಲಿನಷ್ಟು ಸಣ್ಣ ಕುಂಚದಿಂದ ಬೆರಳುಗುರಿನ ಗಾತ್ರದ ಮುಖಕ್ಕೆ ಕಣ್ಣು ಬರೆಯುವ ಶಿಸ್ತಿದೆ. 19 ಮಿ.ಮೀ. ಎತ್ತರದ ಸ್ಟೇಷನ್ ಮಾಸ್ತರನ ಟೋಪಿಗೆ ಬಣ್ಣ ಹಚ್ಚುವುದು ಅಂಥ ಕೈಗೆ ಕಷ್ಟವಾಗಲಾರದು. ವಿದೇಶಿ ಮಾರುಕಟ್ಟೆಯಲ್ಲಿ ಬಣ್ಣ ಹಚ್ಚದ ಬೊಂಬೆಗೂ ಹಚ್ಚಿದ ಬೊಂಬೆಗೂ ಇರುವ ಬೆಲೆಯ ಅಂತರ ಪೂರ್ತಿ ಕೂಲಿಯದು.

ನಮ್ಮಲ್ಲಿರುವ ಸರಕು

ಹುಣಸೂರಿಗೆ ಮರದ ನಂಟು ಇಂದಿನದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಸೇನೆಯ ಸರಬರಾಜಿಗಾಗಿ ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಂಗಳ ನಡೆಯುತ್ತಿದ್ದವು. 1864ರಲ್ಲಿ ಅವು ಮುಚ್ಚಿದವು. ಅಲ್ಲಿ ಕಲಿತ ಕೈಗಳು ಊರಿನಲ್ಲೇ ಉಳಿದು ಕಸುಬನ್ನು ಮುಂದುವರಿಸಿದವು. ಇಂದಿಗೂ ಅರಣ್ಯ ಇಲಾಖೆಯ ಮರದ ಡಿಪೊ, ಅದರ ಸುತ್ತಲಿನ ಸಾ ಮಿಲ್‌ಗಳು ಮತ್ತು ಪೀಠೋಪಕರಣದ ಘಟಕಗಳು ಹುಣಸೂರಿನ ಗುರುತಾಗಿವೆ. ಈ ಮಿಲ್ಲುಗಳಲ್ಲಿ ರಾಶಿ ಬೀಳುವ ಮರದ ಹೊಟ್ಟು ಒಲೆಗೆ ಹೋಗುತ್ತದೆ. ರೈಲು ದೃಶ್ಯದಲ್ಲಿ ಅದೇ ಹೊಟ್ಟು ಹುಲ್ಲುಗಾವಲು. ಮೂರು ಅಳತೆಯ ಜರಡಿಗಳಲ್ಲಿ ಬೇರ್ಪಡಿಸಿ, ಹಸಿರು ಮತ್ತು ಒಣಹುಲ್ಲಿನ ಬಣ್ಣಗಳಲ್ಲಿ ಅದ್ದಿ, ಹುಳು ಬೀಳದಂತೆ ಸ್ವಲ್ಪ ಬೊರಾಕ್ಸ್ ಬೆರೆಸಿ ಒಣಗಿಸಿದರೆ ಚೀಲದ ಲೆಕ್ಕದ ಕಸ ಗ್ರಾಂ ಲೆಕ್ಕದ ಸರಕಾಗುತ್ತದೆ. ಹುಲ್ಲಿನ ಬಣ್ಣದಲ್ಲಿಯೂ ಊರಿನ ಗುರುತಿದೆ. ಯೂರೋಪಿನ ಪೊಟ್ಟಣದ ಹಸಿರು ನಮ್ಮ ಬೇಸಗೆಯ ಬಯಲಿಗೆ ಸುಳ್ಳು. ಕೆಮ್ಮಣ್ಣು, ಕಂದು ಹುಲ್ಲು, ನಡುವೆ ಒಂದು ಹೊಂಗೆಯ ಕಡು ಹಸಿರು, ಈ ಮೂರನ್ನು ಸರಿಯಾಗಿ ಕೂಡಿಸಿದ ಪೊಟ್ಟಣ ಇಂದು ಎಲ್ಲಿಯೂ ಸುಲಭವಾಗಿ ದೊರೆಯುತ್ತಿಲ್ಲ.

ಕಂಬಿಯ ಕೆಳಗೆ ಹಾಸುವ ಜಲ್ಲಿಯೂ ಹೀಗೆಯೇ. ನಿಜವಾದ ಮಾರ್ಗದ 50 ಮಿ.ಮೀ. ಜಲ್ಲಿ ಮಾದರಿಯಲ್ಲಿ 0.6 ಮಿ.ಮೀ. ಆಗಬೇಕು. ಕ್ರಷರ್‌ಗಳ ಕಲ್ಲುಪುಡಿಯನ್ನು ಸೂಕ್ಷ್ಮ ಜರಡಿ ಹಿಡಿದರೆ ಬಣ್ಣವೂ ಅದೇ, ಗಾತ್ರವೂ ಅದೇ. ಆದರೆ ಮಾರುವ ಮುನ್ನ ಪುಡಿಯ ಮೇಲೆ ಅಯಸ್ಕಾಂತವನ್ನು ಎಳೆಯುವುದನ್ನು ಮರೆಯಬಾರದು. ಕಬ್ಬಿಣದ ಕಣಗಳು ಉಳಿದಿದ್ದರೆ ಅವು ಎಂಜಿನ್ನಿನ ಮೋಟಾರಿಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಒಂದು ಪೊಟ್ಟಣದಿಂದ ಒಬ್ಬ ಗ್ರಾಹಕನ ಎಂಜಿನ್ ಕೆಟ್ಟರೆ ಆ ಸುದ್ದಿ ಹವ್ಯಾಸಿಗಳ ವಲಯದಲ್ಲಿ ಬಹು ಬೇಗ ಹರಡುತ್ತದೆ.

ಹೆಗ್ಗಡದೇವನಕೋಟೆ ಕಡೆಯ ಮೇದರ ಕುಟುಂಬಗಳ ಬಿದಿರಿನ ಕೆಲಸವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮೊರ, ಬುಟ್ಟಿಗಳಿಗಾಗಿ ಸೀಳುವ ಬಿದಿರ ದಬ್ಬೆಯನ್ನು ಇನ್ನೂ ಒಂದು ಹಂತ ಸಣ್ಣದು ಮಾಡಿದರೆ ತಂತಿ ಕಂಬ, ಬೇಲಿಯ ಗೂಟ, ಚಪ್ಪರ, ಗಾಡಿಯ ಮೂಕಿ ಎಲ್ಲವೂ ಆಗುತ್ತವೆ. ಬಿದಿರಿನ ನಾರು ನೇರವಾಗಿರುವುದರಿಂದ ಒಂದು ಮಿಲಿಮೀಟರ್ ದಪ್ಪದ ಕಡ್ಡಿಯೂ ಬಾಗದೆ ನಿಲ್ಲುತ್ತದೆ. ಅದೇ ದಪ್ಪದಲ್ಲಿ ಮರ ಮುರಿಯುತ್ತದೆ. ಅರಣ್ಯೇತರ ಜಮೀನಿನಲ್ಲಿ ಬೆಳೆದ ಬಿದಿರನ್ನು ಮರ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟು ಕೇಂದ್ರ ಸರ್ಕಾರ 2017ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದ ಮೇಲೆ ಕಚ್ಚಾ ಸರಕಿನ ಸಾಗಣೆಯ ತೊಡಕೂ ಕಡಿಮೆಯಾಗಿದೆ.

ಇನ್ನು ಏನನ್ನು ಮಾಡಬೇಕು ಎಂಬ ಪ್ರಶ್ನೆ. ಇಂಗ್ಲೆಂಡಿನ ಹಳ್ಳಿಯ ಚರ್ಚನ್ನು ನಾವು ಮಾಡಿ ಇಂಗ್ಲೆಂಡಿಗೆ ಮಾರಹೊರಟರೆ ಅಲ್ಲಿನವರೊಡನೆ ಸ್ಪರ್ಧಿಸಬೇಕು. ನಮ್ಮ ಹೊಲದ ತಂಬಾಕು ಬ್ಯಾರನ್ನನ್ನು ನಮಗಿಂತ ಚೆನ್ನಾಗಿ ಯಾರೂ ಮಾಡಲಾರರು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ದಾರಿಯಲ್ಲಿ ಕಣ್ಣಿಗೆ ಬೀಳುವ ಆ ಎತ್ತರದ ಚೌಕ ಕಟ್ಟಡ ಈ ಸೀಮೆಯ ಮುದ್ರೆ. 16 ಅಡಿ ಚದರದ ಬ್ಯಾರನ್ ಮಾದರಿಯಲ್ಲಿ 56 ಮಿ.ಮೀ. ಚದರವಾಗುತ್ತದೆ. ಗೋಡೆಯ ಎತ್ತರ 70 ಮಿ.ಮೀ. ಎಂದಿಟ್ಟುಕೊಂಡರೆ ನಾಲ್ಕು ಗೋಡೆ ಮತ್ತು ಎರಡು ಇಳಿಜಾರು ಮಾಡು ಸೇರಿ ಸುಮಾರು 200 ಚದರ ಸೆಂಟಿಮೀಟರ್ ಹಲಗೆ ಬೇಕು. ಎಂಟು ಅಡಿ ನಾಲ್ಕು ಅಡಿಯ ಒಂದು ತೆಳು ಪ್ಲೈವುಡ್ ಹಾಳೆಯಲ್ಲಿ 29,700 ಚದರ ಸೆಂಟಿಮೀಟರಿಗೂ ಹೆಚ್ಚು ಜಾಗವಿದೆ. ಅರ್ಧ ಹಾಳೆ ವ್ಯರ್ಥವಾಯಿತೆಂದರೂ 70 ಬ್ಯಾರನ್ನುಗಳು ಹೊರಡುತ್ತವೆ. ಹಾಳೆಯ ಬೆಲೆಯನ್ನು 70ರಿಂದ ಭಾಗಿಸಿ ನೋಡಿದರೆ ಕಚ್ಚಾ ಸರಕಿನ ಖರ್ಚು ಗಣನೆಗೇ ಬಾರದಷ್ಟಾಗುತ್ತದೆ. ಲೇಸರ್ ಕತ್ತರಿಸುವ ಯಂತ್ರ ಸ್ವಂತಕ್ಕೆ ಬೇಕಿಲ್ಲ. ಮದುವೆ ಪತ್ರಿಕೆ, ಫಲಕಗಳಿಗೆ ಇದೇ ಯಂತ್ರ ಬಳಸುವ ಘಟಕಗಳು ಮೈಸೂರಿನಲ್ಲಿವೆ. ಗಂಟೆಯ ಬಾಡಿಗೆಯ ಮೇಲೆ ಕತ್ತರಿಸಿಕೊಡುತ್ತಾರೆ.

ಹಾಗಾದರೆ ಬೆಲೆ ಯಾವುದಕ್ಕೆ? ನಕ್ಷೆಗೆ. ಬ್ಯಾರನ್ನಿನ ಗಾಳಿಕಿಂಡಿ ಎಲ್ಲಿದೆ, ಒಲೆಯ ಬಾಯಿ ಯಾವ ಗೋಡೆಯಲ್ಲಿದೆ, ಹೊಗೆ ಕೊಳವೆ ಎಲ್ಲಿ ಹೊರಬರುತ್ತದೆ, ಸೌದೆಯ ರಾಶಿ ಎಲ್ಲಿ ಬೀಳುತ್ತದೆ ಎಂಬುದನ್ನು ಅರಿತು ಒಮ್ಮೆ ಸರಿಯಾಗಿ ಬರೆದ ನಕ್ಷೆಯೇ ಬಂಡವಾಳ. ಚನ್ನಪಟ್ಟಣದ ಆಲೆ ಮರದ ಅರಗಿನ ರೈಲಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ಚನ್ನಪಟ್ಟಣದ ರೈಲು ಚೆಂದವಾಗಿದ್ದರೆ ಸಾಕು. ಮಾದರಿ ಬ್ಯಾರನ್ ನಿಜವಾಗಿರಬೇಕು. ಕಿಂಡಿ ತಪ್ಪಿದರೆ ಕೊಳ್ಳುವವನು ಪತ್ತೆ ಹಚ್ಚುತ್ತಾನೆ. ಕೃಷ್ಣರಾಜನಗರದ ಕಡೆಯವರಿಗೆ ನಿಲ್ದಾಣ, ಸಾಗರಕಟ್ಟೆಯ ಬಳಿ ಹಿನ್ನೀರಿನ ಮೇಲೆ ಹಾದುಹೋಗುವ ರೈಲು ಸೇತುವೆ, ಭತ್ತದ ಗದ್ದೆ, ಕಬ್ಬಿನ ಗಾಡಿ, ಆಲೆಮನೆ ಇಷ್ಟು ವಸ್ತುಗಳು ಕಣ್ಣೆದುರಿಗಿವೆ. ಮಂಗಳೂರು ಹೆಂಚಿನ ಮಾಡನ್ನು ಮಾಡುವಾಗ ಒಂದೊಂದು ಹೆಂಚೂ ಐದು ಮಿಲಿಮೀಟರಿಗಿಂತ ಕಿರಿದಾಗುತ್ತದೆ. ಕಾಗದದ ಮೇಲೆ ಉಬ್ಬು ಒತ್ತಿ ಹಾಳೆಯಾಗಿ ಮಾರುವುದೇ ಲಾಭಕರ.

ಹಿತ್ತಾಳೆಯ ಸೂಕ್ಷ್ಮ ಭಾಗಗಳಾದ ಜಾಲರಿ, ಕೈಪಿಡಿ, ನಾಮಫಲಕಗಳನ್ನು 0.25 ಮಿ.ಮೀ. ತಗಡಿನ ಮೇಲೆ ಫೆರಿಕ್ ಕ್ಲೋರೈಡಿನಿಂದ ಕೊರೆದು ತೆಗೆಯುವ ವಿಧಾನವಿದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ ತಯಾರಿಸುವವರಿಗೆ ಇದು ಹೊಸದಲ್ಲ. ಕೊರೆದು ಉಳಿದ ದ್ರಾವಣವನ್ನು ಚರಂಡಿಗೆ ಬಿಡುವುದು ಅಪರಾಧವೆಂಬುದನ್ನು ಮಾತ್ರ ನೆನಪಿಡಬೇಕು.

ಪ್ರದರ್ಶನವೇ ಅಂಗಡಿ

ಈ ಸರಕನ್ನು ಗಾಜಿನ ಕಪಾಟಿನಲ್ಲಿಟ್ಟರೆ ಯಾರೂ ಕೊಳ್ಳುವುದಿಲ್ಲ. ಓಡುವ ರೈಲಿನ ಸುತ್ತ ಅದನ್ನು ಜೋಡಿಸಿ ತೋರಿಸಬೇಕು. ಪುಣೆಯ ಉದಾಹರಣೆ ನಮ್ಮಂಥ ಸಣ್ಣ ಉದ್ಯಮಿಗಳಿಗೆ ಹತ್ತಿರವಾದದ್ದು. ಸೌದಾಮಿನಿ ಇನ್‌ಸ್ಟ್ರುಮೆಂಟ್ಸ್ ಎಂಬ ಉಪಕರಣ ತಯಾರಿಕಾ ಘಟಕವನ್ನು ನಡೆಸುತ್ತಿದ್ದ ಭಾವುಸಾಹೇಬ್ ಜೋಶಿ ಅವರು ಹವ್ಯಾಸವಾಗಿ ಮಾದರಿ ರೈಲುಗಳನ್ನು ಮಾಡುತ್ತಿದ್ದವರು. 1980ರ ದಶಕದಲ್ಲಿ ಅವರು ಬಿಚ್ಚಿ ಜೋಡಿಸಬಹುದಾದ ಒಂದು ಚಿಕ್ಕ ನಗರವನ್ನೇ ಕಟ್ಟಿ ಪುಣೆಯ ಗೋಖಲೆ ಸಭಾಂಗಣದಲ್ಲಿ ಪ್ರದರ್ಶಿಸಿದರು. ಅದನ್ನು ಊರಿಂದೂರಿಗೆ ಹೊತ್ತು ಜೋಡಿಸುವ ಶ್ರಮ ಹೆಚ್ಚೆಂದು ಕಂಡು ಕಡೆಗೆ ತಮ್ಮ ಉದ್ಯಮದ ಕಟ್ಟಡದಲ್ಲೇ ಶಾಶ್ವತ ರೈಲು ದೃಶ್ಯವನ್ನು ನಿರ್ಮಿಸಿ 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆದರು. 1:87 ಪ್ರಮಾಣದ ಆ ವಸ್ತುಸಂಗ್ರಹಾಲಯ ಪುಣೆಗೆ ಹೋದವರು ನೋಡಿಬರುವ ಸ್ಥಳಗಳಲ್ಲೊಂದಾಯಿತು.

ಹೊತ್ತೊಯ್ಯುವ ಕಷ್ಟಕ್ಕೆ ವಿದೇಶಿ ಸಂಘಗಳು ಕಂಡುಕೊಂಡ ಪರಿಹಾರ ತುಂಡು ಹಲಗೆಗಳದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ತುಂಡುಗಳನ್ನು ಬೇರೆ ಬೇರೆ ಸದಸ್ಯರು ಮನೆಯಲ್ಲೇ ಕಟ್ಟುತ್ತಾರೆ. ತುದಿಯಲ್ಲಿ ಕಂಬಿಯ ಸ್ಥಾನ, ಹಲಗೆಯ ಎತ್ತರ, ತಂತಿಯ ಜೋಡಣೆ ಎಲ್ಲರದೂ ಒಂದೇ. ಪ್ರದರ್ಶನದ ದಿನ ಬಂದು ಬೋಲ್ಟು ಬಿಗಿದರೆ ಒಂದೇ ಮಾರ್ಗ. ಹುಣಸೂರಿನ ತುಂಡು, ಪಿರಿಯಾಪಟ್ಟಣದ ತುಂಡು, ಕೋಟೆಯ ಕಾಡಿನ ತುಂಡುಗಳನ್ನು ಹೀಗೆ ಸೇರಿಸಿದರೆ ರೈಲ್ವೆ ಇಲಾಖೆಗಿಂತ ಮೊದಲೇ ನಾವು ಮಾರ್ಗವನ್ನು ತೆರೆದಂತಾಗುತ್ತದೆ.

ಒಂದೇ ಘಟಕ ಒಂಟಿಯಾಗಿ ಮಾಡುವುದಾದರೆ ಒಂದು ಪ್ಲೈವುಡ್ ಹಾಳೆಯ ಅಗಲ ಸಾಕು. ಅದು 1,220 ಮಿ.ಮೀ. ಅರ್ಧ ಮೀಟರ್ ತ್ರಿಜ್ಯದ ತಿರುವು ಹಾಕಿದರೂ ಎರಡೂ ಅಂಚಿನಲ್ಲಿ ನಾಲ್ಕು ಬೆರಳು ಉಳಿಯುತ್ತದೆ. ಹಾಳೆಯನ್ನು ನಡುವೆ ಎರಡಾಗಿ ಕತ್ತರಿಸಿ ಲೋಹದ ಗೂಟ ಮತ್ತು ಬೋಲ್ಟುಗಳಿಂದ ಜೋಡಿಸಿದರೆ ಸಣ್ಣ ಟೆಂಪೊದಲ್ಲಿ ಹೋಗುತ್ತದೆ. ಪ್ಲೈವುಡ್ಡಿನ ಮೇಲ್ಮೈಗೆ ಮಾತ್ರ ಬಣ್ಣ ಹಚ್ಚಿ ಅಡಿಭಾಗ ಮತ್ತು ಅಂಚುಗಳನ್ನು ಬರಿದೇ ಬಿಡುವುದು ಸಾಮಾನ್ಯ ತಪ್ಪು. ಮುಂಗಾರಿನಲ್ಲಿ ತೇವ ಒಂದೇ ಬದಿಯಿಂದ ಹೊಕ್ಕು ಹಲಗೆ ಸೊಟ್ಟಗಾಗುತ್ತದೆ, ಕಂಬಿಯ ಜೋಡು ಕೀಳುತ್ತದೆ. ಆರೂ ಬದಿಗೆ ವಾರ್ನಿಷ್ ಬೇಕು. ಕಂಬಿಗೆ ನಿಕ್ಕಲ್ ಸಿಲ್ವರ್ ಲೋಹವನ್ನೇ ಆರಿಸಬೇಕು. ಹೆಸರಿಗೆ ಸಿಲ್ವರ್ ಆದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಉಕ್ಕಿನ ಕಂಬಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಪ್ಪಾಗಿ ವಿದ್ಯುತ್ತನ್ನು ತಡೆಯುತ್ತದೆ.

ಪ್ರದರ್ಶನದಲ್ಲಿ ರೈಲು ನಿಂತರೆ ಜನ ಮುಂದಿನ ಮಳಿಗೆಗೆ ನಡೆಯುತ್ತಾರೆ. ಆದ್ದರಿಂದ ದೃಶ್ಯದ ಹಿಂಬದಿಯಲ್ಲಿ ಹಲಗೆಯ ಮರೆಗೆ ಎರಡು ಮೂರು ಕವಲು ಹಳಿಗಳನ್ನಿಟ್ಟು, ಒಂದು ಗಾಡಿ ಮರೆಗೆ ಸರಿಯುತ್ತಲೇ ಇನ್ನೊಂದು ಹೊರಬರುವಂತೆ ಏರ್ಪಡಿಸುತ್ತಾರೆ. ಪ್ರೇಕ್ಷಕನಿಗೆ ಇಡೀ ಸೀಮೆಯ ಗಾಡಿಗಳು ಇಲ್ಲಿಯೇ ಹಾದುಹೋಗುತ್ತಿರುವಂತೆ ಭಾಸವಾಗುತ್ತದೆ. ಇಬ್ಬರು ಚಾಲಕರಿರಲೇಬೇಕು. ಒಬ್ಬ ಓಡಿಸಿದರೆ ಇನ್ನೊಬ್ಬ ಮಾತನಾಡಬೇಕು, ಬೆಲೆ ಹೇಳಬೇಕು. ಮಾದರಿಗೆ 12 ವೋಲ್ಟ್ ಸಾಕಾದ್ದರಿಂದ ವಿದ್ಯುತ್ ಹೋದರೂ ಚಿಕ್ಕ ಬ್ಯಾಟರಿಯ ಮೇಲೆ ಗಂಟೆಗಟ್ಟಲೆ ನಡೆಸಬಹುದು. ದೃಶ್ಯವನ್ನು ಸಾಮಾನ್ಯ ಮೇಜಿನಷ್ಟು ತಗ್ಗಿನಲ್ಲಿಟ್ಟರೆ ನೋಡುವವನು ಹದ್ದಿನಂತೆ ಮೇಲಿನಿಂದ ಮಾಡುಗಳನ್ನಷ್ಟೇ ಕಾಣುತ್ತಾನೆ. ಎದೆಯ ಮಟ್ಟಕ್ಕೆ ಎತ್ತಿದರೆ ರಸ್ತೆಯಲ್ಲಿ ನಿಂತು ನೋಡಿದಂತಾಗುತ್ತದೆ. ಮಕ್ಕಳಿಗೆ ಒಂದು ಮೆಟ್ಟಿಲ ಹಲಗೆ ಹಾಕಿದರೆ ಸರಿ. ಮಕ್ಕಳ ಕೈಗೂ ಗಾಡಿಗೂ ನಡುವೆ ಪಾರದರ್ಶಕ ಅಕ್ರಿಲಿಕ್ ತಡೆ ಇಲ್ಲದಿದ್ದರೆ ಮೊದಲ ದಿನದ ಸಂಜೆಗೇ ಸ್ಟೇಷನ್ ಮಾಸ್ತರ ಕಾಣೆಯಾಗಿರುತ್ತಾನೆ.

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕಿಂತ ದೊಡ್ಡ ಜನಸಂದಣಿ ನಮಗೆ ಬೇರೆಲ್ಲಿ ಸಿಗುತ್ತದೆ? ಆದರೂ ಅಲ್ಲಿ ಮಾರಾಟಕ್ಕಿಂತ ನೋಟವೇ ಹೆಚ್ಚೆಂಬುದನ್ನು ತಿಳಿದೇ ಹೋಗಬೇಕು. ಹಣ ಕೊಟ್ಟು ಕೊಳ್ಳುವವರು ಬೇರೆ ದಿಕ್ಕಿನಲ್ಲಿದ್ದಾರೆ. ನೆನಪಿನ ಕಾಣಿಕೆ ಹುಡುಕುವ ಕಚೇರಿಗಳು, ಕಬಿನಿ ತೀರದ ವಸತಿಗೃಹಗಳು, ಎಂಜಿನಿಯರಿಂಗ್ ಕಾಲೇಜುಗಳು ಒಂದು ಗುಂಪು. ಬೆಂಗಳೂರಿನ ವಾಸ್ತುಶಿಲ್ಪಿಗಳಿಗಾಗಿ ಕಟ್ಟಡದ ಮಾದರಿ ಮಾಡುವವರು ಇನ್ನೊಂದು. ಅವರ ಪ್ರಮಾಣ ಹೆಚ್ಚಾಗಿ 1:100 ಅಥವಾ 1:200. ಮರಕ್ಕೆ ಪ್ರಮಾಣದ ಹಂಗಿಲ್ಲ, ನಮ್ಮ ಚಿಕ್ಕ ಮರ ಅವರಿಗೆ ದೊಡ್ಡ ಮರ. ಮೂರನೆಯವರು ದೇಶವಿದೇಶಗಳಲ್ಲಿ ಹರಡಿರುವ ಭಾರತೀಯ ರೈಲಿನ ಅಭಿಮಾನಿಗಳು. ಇವರ ಸಂಖ್ಯೆ ಕಡಿಮೆ, ಆದರೆ ಚೌಕಾಸಿ ಮಾಡದ ಜಾತಿ. ದೇಶದೊಳಗಿನ ಬೇಡಿಕೆಯನ್ನು ನಾವು ದೊಡ್ಡದೆಂದು ಹೇಳಲಾರೆವು. ಪೀಠೋಪಕರಣದ ಆರ್ಡರ್ ಕಡಿಮೆಯಿರುವ ತಿಂಗಳುಗಳಲ್ಲಿ ಇಬ್ಬರು ಕೆಲಸಗಾರರಿಗೆ ಕೆಲಸ ಕೊಡುವ ಉಪಕಸುಬಾಗಿ ಆರಂಭಿಸುವುದೇ ವಿವೇಕ.

ಕಾನೂನಿನ ನಾಲ್ಕು ಮಾತು

ಬೆದರಬೇಕಾದದ್ದಿಲ್ಲ, ಆದರೆ ಅರಿಯದೆ ನಡೆಯಬಾರದು. ಕೇಂದ್ರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾರುವ ಸರಕಿಗೆ ಬಿಐಎಸ್ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಸರಕಿಗೆ ವಿನಾಯಿತಿ ಉಂಟು. ನಾವು ಮಾಡುವುದು ಆಟಿಕೆಯೋ, ಸಂಗ್ರಾಹಕರ ಮಾದರಿಯೋ ಎಂಬುದನ್ನು ಮೊದಲೇ ನಿರ್ಧರಿಸಿ ಪೆಟ್ಟಿಗೆಯ ಮೇಲೆ ಹಾಗೆಯೇ ಮುದ್ರಿಸಬೇಕು. ಯೂರೋಪಿಗೆ ಕಳುಹಿಸುವುದಾದರೆ, 14 ವರ್ಷ ಮೇಲ್ಪಟ್ಟ ಸಂಗ್ರಾಹಕರಿಗಾಗಿ ಎಂಬ ಬರಹ ಸ್ಪಷ್ಟವಾಗಿ ಕಾಣುವಂತಿದ್ದರೆ ಮಾತ್ರ ಯಥಾಪ್ರಮಾಣದ ಮಾದರಿಗಳನ್ನು ಅಲ್ಲಿನ 2009ರ ಆಟಿಕೆ ಸುರಕ್ಷತಾ ನಿರ್ದೇಶನ ಆಟಿಕೆಯೆಂದು ಎಣಿಸುವುದಿಲ್ಲ.

ಸುಂಕದ ಪಟ್ಟಿಯಲ್ಲಿ ಯಥಾಪ್ರಮಾಣದ ಮಾದರಿಗಳು ಆಟಿಕೆಗಳೊಡನೆ 9503ರ ಶೀರ್ಷಿಕೆಯಡಿಯಲ್ಲೇ ಬರುತ್ತವೆ. ಇದರ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. ಹೊರಗಿನಿಂದ ಎಂಜಿನ್ ತರಿಸುವ ಹವ್ಯಾಸಿಗೆ ಇದು ಹೊರೆ. ಇಲ್ಲಿಯೇ ಕಟ್ಟಡ, ಮರ, ಬೇಲಿ ಮಾಡುವವನಿಗೆ ಇದೇ ರಕ್ಷಣೆ. ಆಮದು ಮಾಡುವ ಮುನ್ನ ಆಯಾ ದಿನದ ದರವನ್ನು ಕಸ್ಟಮ್ಸ್ ಏಜೆಂಟರಿಂದ ಖಚಿತಪಡಿಸಿಕೊಳ್ಳಬೇಕು.

ಕಡೆಯದಾಗಿ ಬೀಟೆ ಮರದ ಮಾತು. ಮೈಸೂರಿನ ಬೀಟೆ ಕೆತ್ತಾಣಿ ಕಲೆಗೆ ಭೌಗೋಳಿಕ ಗುರುತು ದೊರೆತಿರುವುದರಿಂದ ಮಾದರಿ ಎಂಜಿನ್ನಿಗೆ ಬೀಟೆಯ ಪೀಠ ಹಾಕಿ ರಫ್ತು ಮಾಡುವ ಆಲೋಚನೆ ಹಲವರಿಗೆ ಬರುವುದು ಸಹಜ. ಆದರೆ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದೆ. ಸಣ್ಣ ತೂಕದ ಸಿದ್ಧ ವಸ್ತುಗಳಿಗೆ ನಂತರದ ವರ್ಷಗಳಲ್ಲಿ ಸಡಿಲಿಕೆ ಸಿಕ್ಕಿದೆಯಾದರೂ, ಮರ ಎಲ್ಲಿಂದ ಬಂತೆಂಬ ಡಿಪೊ ರಸೀತಿಯಿಂದ ಹಿಡಿದು ಕರಕುಶಲ ರಫ್ತು ಉತ್ತೇಜನ ಮಂಡಳಿಯ ವೃಕ್ಷ ಪ್ರಮಾಣಪತ್ರದವರೆಗೆ ಕಾಗದಗಳು ಕೈಯಲ್ಲಿರಬೇಕು. ನೂರು ಪೆಟ್ಟಿಗೆ ಬ್ಯಾರನ್ನುಗಳ ಮೊದಲ ಕಂತನ್ನು ಕಳುಹಿಸುವವರು ಪೀಠಕ್ಕೆ ಸಿಲ್ವರ್ ಓಕ್ ಅಥವಾ ರಬ್ಬರ್ ಮರವನ್ನು ಬಳಸಿದರೆ ಈ ಕಡತವನ್ನು ತೆರೆಯುವ ಅಗತ್ಯವೇ ಬೀಳುವುದಿಲ್ಲ.